ಗಾಜಿನಂಥ ನೂಡಲ್ಸು

"ಅಜ್ಜೀ, ಎಂತ ಮಾಡ್ಬಿಟ್ಟೆ!"

ಬ್ಯಾಗು ಇಳಿಸುವುದನ್ನೂ ಮರೆತು ಭವ್ಯ ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟಳು. ಬಾಣಲೆ ತುಂಬ ಬೆಳ್ಳಗೆ, ಸೊಟ್ಟಸೊಟ್ಟಗೆ ಅರಳಿಕೊಂಡ ಏನೋ ಒಂದು. ಪಕ್ಕದಲ್ಲಿ ತ್ರ್ಯಂಬಕ ಮಾವ ಕೊಟ್ಟ ಪ್ಯಾಕೆಟ್ಟು ಬಾಯಿ ತೆರೆದುಕೊಂಡು ಬಿದ್ದಿತ್ತು.

"ಶಾವಿಗೆ ಅಲ್ವಾ ಮಾರಾಯ್ತಿ? ತುಪ್ಪದಲ್ಲಿ ಹುರಿದಿಟ್ರೆ ನಿಂಗೆ ಕೆಲ್ಸ ಹಗುರ ಆಗ್ತದೆ ಅಂತ..." ಸುಲೋಚನಜ್ಜಿಯ ದನಿ ಸಣ್ಣಗಾಯಿತು. "ಸಂಡಿಗೆ ಹಂಗೆ ಅರಳ್ಕೊಂಡೇ ಬಿಡ್ತು."

"ಅದನ್ನ ಹುರಿಯೋದಲ್ಲ, ಬೇಯಿಸೋದು! ಎಲ್ಲಾ ಹಾಳ್ಮಾಡಿದೆ!"

ಅಜ್ಜಿ ಒಲೆ ಆರಿಸಿದಳು.

ಭವ್ಯಳಿಗೆ ಅಳುವೇ ಬಂತು. ಬಾರದೆ ಇದ್ದೀತೇ? ಮಾವ ಹಡಗಿನಲ್ಲಿ ಅಡುಗೆಯವನು. ಕೊರಿಯಾದಿಂದ ತಂದದ್ದು ಒಂದೇ ಪ್ಯಾಕೆಟ್ಟು. ಬೇಯಿಸಿದರೆ ಗಾಜಿನ ಹಾಗೆ ಆಚೆ ಕಡೆ ಕಾಣುವ ನೂಡಲ್ಸು! ಕ್ಲಾಸಿನಲ್ಲಿ ಅದನ್ನು ಹೇಳಿದ್ದೇ ತಡ, ನಿತೀಶ್ ಅವಳಿಗೆ 'ಬುರುಡೆ ಭವ್ಯ' ಎಂದು ಹೆಸರಿಟ್ಟ. ಐದನೇ ಕ್ಲಾಸಿಡೀ ಹಾಗೇ ಕರೆಯತೊಡಗಿತು. ಇವತ್ತು ಶನಿವಾರ, ಅರ್ಧ ದಿನದ ಶಾಲೆ. ನೂಡಲ್ಸು ನೋಡಲು ನಿತೀಶ್, ಗೆಳತಿ ಮೆಹ್ನಾಜ್ ಇಬ್ಬರೂ ಈಗ ಬಂದೇಬಿಡುತ್ತಾರೆ.

ಪ್ಯಾಕೆಟ್ಟು ಕೊಡವಿದರೆ ಒಂದು ಹಿಡಿ ಉಳಿದಿತ್ತು. ಅಬ್ಬ, ಅಷ್ಟಾದರೂ ಇದೆಯಲ್ಲ! ಭವ್ಯ ಮೂಗೊರೆಸಿಕೊಂಡು ನೀರು ಕಾಯಲಿಟ್ಟಳು.

ಮಾವ ಬರೆದುಕೊಟ್ಟ ಚೀಟಿ ಅವಳ ಜಾಮಿಟ್ರಿ ಬಾಕ್ಸಿನಲ್ಲಿತ್ತು. 'ಕೊನೆಗೆ ಒಂದು ಚಮಚ ಎಳ್ಳೆಣ್ಣೆ' ಎಂದಿತ್ತು ಅದರಲ್ಲಿ. ಅವರ ಮನೆಯಲ್ಲಿ ಎಳ್ಳೆಣ್ಣೆ ದೇವರ ದೀಪಕ್ಕೆ ಮಾತ್ರ. ಬೇರೆ ದಿನವಾಗಿದ್ದರೆ ಅಜ್ಜಿ ಮನೆಯನ್ನೇ ತಲೆಮೇಲೆ ಹೊತ್ತುಕೊಳ್ಳುತ್ತಿದ್ದಳು. ಇವತ್ತು ಕ್ಯಾರೆಟ್ಟು, ಬೀನ್ಸು, ಈರುಳ್ಳಿ ಎಳೆಎಳೆಯಾಗಿ ಹೆಚ್ಚಿಕೊಟ್ಟು, ತಾನೇ ದೇವರ ಕೋಣೆಗೆ ಹೋಗಿ ಬಾಟಲಿ ತಂದಿಟ್ಟಳು.

ನೂಡಲ್ಸು ಬೆಂದಂತೆಲ್ಲ ತಿಳಿಯಾಯಿತು. ಭವ್ಯ ಒಂದು ಎಳೆಯನ್ನು ತಣ್ಣೀರಿಗೆ ಅದ್ದಿ ಕಿಟಕಿಯ ಬೆಳಕಿಗೆ ಹಿಡಿದಳು. ಮನೆ ಹಿಂದಿನ ಬೇಕರಿಯ ಗೋಡೆ, ಬನ್ನಿನ ಟ್ರೇ, ನಿದ್ದೆ ಹೋದ ಬೆಕ್ಕು ಎಲ್ಲವೂ ಅದರೊಳಗೆ ಡೊಂಕುಡೊಂಕಾಗಿ ತೇಲಿದವು. ಹಡಗಿನ ಗುಂಡು ಕಿಟಕಿಯ ಬಳಿ ಮಾವನೂ ಹೀಗೇ ಹಿಡಿದು ನೋಡುತ್ತಿರಬಹುದೇ? ಆಚೆಗೆ ನೀರು, ಬರೀ ನೀಲಿ ನೀರು. ಬಾಳಗಡಿ ಊರಿನ ಆ ಪುಟ್ಟ ಅಡುಗೆಮನೆ ಮೆಲ್ಲಗೆ ತೂಗಿದ ಹಾಗಾಯಿತು. ಪಾತ್ರೆ ಉಕ್ಕಿ ಚುಂಯ್ ಎಂದಾಗಲೇ ಅವಳು ವಾಪಸ್ಸು ಬಂದದ್ದು.

"ಸೋಯಾ ಸಾಸ್ ತಂದೆ ಕಣೇ! ನಮ್ಮ ಅಬ್ಬಾ ತಮ್ಮ ಗೋಬಿ ಗಾಡಿಯಿಂದ ಕೊಟ್ರು," ಎನ್ನುತ್ತಾ ಮೆಹ್ನಾಜ್ ಒಳಗೆ ಬಂದಳು. ಹಿಂದೆಯೇ ನಿತೀಶ್.

ತರಕಾರಿ ಬಾಡಿತು, ಸಾಸು ಬಿತ್ತು, ಚಿಟಿಕೆ ಸಕ್ಕರೆ, ಆಮೇಲೆ ಎಳ್ಳೆಣ್ಣೆ. ಘಮ್ಮೆಂದಿತು. ಸಾಸು ಹಾಕುವ ಮೊದಲೇ ತೆಗೆದಿಟ್ಟಿದ್ದ ಒಂದು ಎಳೆಯನ್ನು ನಿತೀಶ್ ಕಣ್ಣೆದುರು ಹಿಡಿದ.

"ಹೌದಲ್ಲ ಮಾರಾಯ್ತಿ! ಬೆಕ್ಕು ಕಾಣ್ತದೆ! ಬುರುಡೆ ಅಲ್ಲ ಇದು!"

ಭವ್ಯಳಿಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಒಂದು ಹಿಡಿ ಎಷ್ಟು ಹೊತ್ತು? ಎರಡೆರಡು ತುತ್ತಿಗೆ ತಟ್ಟೆ ಖಾಲಿ.

"ಅದೆಂತ ಬಾಣಲೇಲಿ ಬೆಳ್ಳಗೆ?" ನಿತೀಶ್ ಇಣುಕಿದ.

'ಅಜ್ಜಿ ಹಾಳ್ಮಾಡಿದ್ದು.' ಮಾತು ನಾಲಿಗೆ ತುದಿಗೇ ಬಂದಿತ್ತು. ಭವ್ಯ ತಿರುಗಿ ನೋಡಿದಳು. ಅಜ್ಜಿ ಬಾಗಿಲ ಮರೆಯಲ್ಲಿ ಸೆರಗಿನ ತುದಿ ಹಿಡಿದು, ತಲೆ ತಗ್ಗಿಸಿ ನಿಂತಿದ್ದಳು. ಎಲ್ಲರೂ 'ಬುರುಡೆ' ಎಂದು ನಕ್ಕ ದಿನ ತಾನೂ ಬೆಂಚಿನ ಮೂಲೆಯಲ್ಲಿ ಹೀಗೇ ನಿಂತಿದ್ದೆನಲ್ಲ! ಚೀಟಿಯನ್ನಂತೂ ಅಜ್ಜಿಗೆ ತೋರಿಸಿರಲೇ ಇಲ್ಲ.

"ಅದು ಅಜ್ಜಿ ಮಾಡಿದ್ದು," ಎಂದಳು ಭವ್ಯ. "ಬೇಯಿಸ್ಬೇಕು ಅಂತ ನಾನೇ ಹೇಳಿರ್ಲಿಲ್ಲ."

ಒಂದು ತುಂಡು ತಂದು ಅಜ್ಜಿಯ ಬಾಯಿಗಿಟ್ಟಳು. ಕರುಂ ಎಂದಿತು. ಅಜ್ಜಿ ಕಣ್ಣು ಮುಚ್ಚಿ ಅಗಿದಳು.

"ಅಯ್ಯೋ, ಉಪ್ಪೇ ಇಲ್ವಲ್ಲೇ! ತಡಿ, ಖಾರದ ಪುಡೀನೂ ತರ್ತೆ. ನೀವೆಲ್ಲ ಕೈ ತೊಳ್ಕೊಳಿ!"

ಅಜ್ಜಿಯ ದನಿ ಆಚೆ ಬೇಕರಿಯವರೆಗೂ ಕೇಳಿಸಿತು. ಭವ್ಯ ನಗುತ್ತಾ ಎಲ್ಲರಿಗಿಂತ ಮೊದಲು ಕೈ ತೊಳೆಯಲು ಓಡಿದಳು.