ಒಂಟಿಗಾಲಿನ ಲಾಗ

ಕಬ್ಬಿನ ರವದಿಯ ರಾಶಿಯ ಆಚೆಯಿಂದ ಒಬ್ಬ ಮನುಷ್ಯ ತಲೆಕೆಳಗಾಗಿ ಹಾರಿ ಬಂದು ಪಲ್ಲವಿಯ ಕಣ್ಣೆದುರಿಗೇ ಧೊಪ್ಪನೆ ಬಿದ್ದ!

"ಯವ್ವಾ!"

ಅವಳ ಕೈಯಲ್ಲಿದ್ದ ನೀರಿನ ಬಾಟಲಿ ಉರುಳಿ ಹೋಯಿತು. ಅವನು ಆ ಒಣಗಿದ ಕಬ್ಬಿನ ಎಲೆಗಳಲ್ಲಿ ಸೊಂಟದವರೆಗೂ ಹೂತು ಹೋಗಿದ್ದ. ತಲೆತುಂಬ ಕಸ. ಆದರೂ ನಗುತ್ತಿದ್ದ.

"ಸತ್ರೋ, ಬದುಕಿದ್ರೋ?"

"ಬದುಕೇನಿ ಬಿಡ್ರಿ. ನೀವು ಚೀರಿದ್ದಕ್ಕ ಮಾತ್ರ ಅರ್ಧ ಸತ್ತೆ."

"ಅಲ್ರಿ, ದೇವರು ನಡಿಯಾಕ ಕಾಲ ಕೊಟ್ಟಾನ. ಹಿಂಗ ತಲಿ ಕೆಳಗ ಮಾಡಿಕೊಂಡು ಬರೂದು ಯಾಕ?"

"ನಡಕೊಂಡು ಬಂದಿದ್ರ ನೀವು ನಿಂತು ನೋಡ್ತಿದ್ರೇನು?"

ಪಲ್ಲವಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ನಗುವ ಮುಖವನ್ನೇ ನೋಡುತ್ತ ನಿಂತುಬಿಟ್ಟಳು...

ಅವನ ಹೆಸರು ಪರಶು. ಇಂಡಿ ಪಟ್ಟಣದಿಂದ ಹಳ್ಳಿಗಳಿಗೆ ಟೆಂಪೋ ಓಡಿಸುವವನು. ಸಂಜೆಯಾದರೆ ಊರ ಹೊರಗಿನ ಕಬ್ಬು ಕಡಿದ ಹೊಲಕ್ಕೆ ಬಂದು, ಮೊಬೈಲಿನಲ್ಲಿ ನೋಡಿ ಕಲಿತ ಲಾಗಗಳನ್ನು ಹಾಕುತ್ತಿದ್ದ. ಪಲ್ಲವಿ ಅದೇ ದಾರಿಯಲ್ಲಿ ದಿನಾ ಓಡಲು ಬರುವವಳು. ಖೊಖೊ ಆಟದಲ್ಲಿ ಅವಳು ಬೆನ್ನಟ್ಟಿದರೆ ತಪ್ಪಿಸಿಕೊಂಡವರಿಲ್ಲ ಎಂದು ಇಂಡಿಯ ಹುಡುಗಿಯರು ಹೇಳುತ್ತಿದ್ದರು. ಜಿಲ್ಲೆಯ ತಂಡದ ಆಯ್ಕೆ ಹತ್ತಿರ ಬಂದಿತ್ತು. ಅದೊಂದೇ ಅವಳ ಕನಸು.

ಈಗ ಇನ್ನೊಂದು ಕನಸು ಹುಟ್ಟಿತು. ನೆಲ ಬಿಟ್ಟು ಮೇಲೇಳಬೇಕು, ಗಾಳಿಯಲ್ಲಿ ಒಂದು ಸುತ್ತು ಸುತ್ತಿ ಮತ್ತೆ ನೆಲಕ್ಕೆ ಬರಬೇಕು!

"ನನಗೂ ಕಲಸ್ರಿ" ಎಂದಳು ಮರುದಿನ.

"ಮುಂದಕ್ಕ ಹೊಡಿಯೂ ಲಾಗದಾಗ ಮೂರು ನಮೂನಿ ಅದಾವ ನೋಡ್ರಿ" ಎಂದ ಪರಶು. "ಕೈ ಊರಿ ಹೊಡಿಯೂದು ಒಂದು. ಎರಡೂ ಕಾಲಲೆ ಜಿಗದು, ಮೊಣಕಾಲ ಎದಿಗೆ ಹಚ್ಚಿಕೊಂಡು ಹೊಡಿಯೂದು ಇನ್ನೊಂದು. ಒಂದ ಕಾಲಮ್ಯಾಲ ಎದ್ದು, ಇನ್ನೊಂದನ್ನ ಹಿಂದಿನಿಂದ ಬೀಸಿ ಹೊಡಿಯೂದು ಮತ್ತೊಂದು."

"ನನಗ ಒಂಟಿಗಾಲಿಂದ ಬೇಕು. ಓಡಿ ಓಡಿ ನನ್ನ ಎಡಗಾಲಿಗೆ ಅದ ರೂಢಿ."

"ಬ್ಯಾಡ. ಮೊದಲ ಎರಡು ಕಾಲಿಂದು."

"ಯಾಕ?"

"ಬ್ಯಾಡ ಅಂದ್ನೆಲ್ಲ."

"ಹುಡುಗ್ಯಾರಿಗೆ ಬರಂಗಿಲ್ಲೇನು?"

ಅವನು ಬೇರೆ ಕಡೆ ಮುಖ ತಿರುಗಿಸಿದ. ಅದು ಪಲ್ಲವಿಯ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. 'ಹೆಣ್ಣು ಅಂತ ಕಡಿಮೆ ನೋಡಾಕತ್ತಾನ...' ಆದರೂ ಮರುದಿನ ಹೋದಳು. ಅದರ ಮರುದಿನವೂ ಹೋದಳು. ಅವ್ವ ಹುಲಿಗೆವ್ವ ಹೊಲಿದಿಟ್ಟ ಹಳೆಯ ಕೌದಿಗಳನ್ನು ಹೊತ್ತುಕೊಂಡು ಹೋಗಿ ರವದಿಯ ಮೇಲೆ ಹಾಸಿದಳು.

"ಕೌದಿಮ್ಯಾಲ ಮಂದಿ ಮಲಗ್ತಾರವಾ, ಬೀಳಂಗಿಲ್ಲ!" ಎಂದು ಹುಲಿಗೆವ್ವ ಬೈದಳು. "ಆ ಟೆಂಪೋ ಹುಡುಗ ನಿನ್ನ ತಲಿ ತಿರುಗಿಸ್ಯಾನ."

"ತಲಿ ತಿರುಗಿಸೂದ ಕಲಿಯಾಕತ್ತೇನಿ ಬೇ."

ತಾಯಿ ಬೈಯುತ್ತಲೇ ನಕ್ಕಳು.

ಪರಶು ಅವಳ ಬೆನ್ನಿಗೆ ಅಂಗೈ ಕೊಟ್ಟು ನಿಲ್ಲುತ್ತಿದ್ದ. ಅವಳು ಜಿಗಿಯುತ್ತಿದ್ದಳು, ಬೀಳುತ್ತಿದ್ದಳು. 'ನೀವು' ಹೋಗಿ 'ನೀ' ಆದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಆ ಅಂಗೈಯ ಬಿಸುಪು ಮನೆಗೆ ಹೋದ ಮೇಲೂ ಬೆನ್ನ ಮೇಲೆ ಉಳಿದಿರುತ್ತಿತ್ತು...

ಒಂದು ತೊಂದರೆ ಮಾತ್ರ ಹೋಗಲಿಲ್ಲ. ಖೊಖೊದಲ್ಲಿ ಓಡುವವರನ್ನು ಮುಟ್ಟಲು ಕೈ ಚಾಚಿ ಚಾಚಿ ಅವಳ ಬಲಗೈಗೆ ಅದೇ ಅಭ್ಯಾಸ. ಗಾಳಿಯಲ್ಲಿ ತಿರುಗುವಾಗಲೂ ಅದು ತಾನಾಗಿ ನೆಲದ ಕಡೆ ಚಾಚುತ್ತಿತ್ತು.

"ಕೈ ಮಡಚು! ಭೂಮಿ ಏನು ಓಡಿ ಹೋಗತೈತೇನು, ಹಿಡಿಯಾಕ ಹೋಗ್ತಿ?"

"ಒಂಟಿಗಾಲಿಂದ ಹೊಡದ್ರ ಕೈ ಬೀಸೂದರಾಗ ಇರತೈತಿ, ಚಾಚಂಗಿಲ್ಲ. ಒಮ್ಮೆ ಮಾಡಿ ತೋರಿಸು ನೋಡೂಣು."

ಅವನು ತಲೆ ಅಲ್ಲಾಡಿಸಿದ. ಅಷ್ಟೇ.

ಕಡೆಗೆ ಒಂದು ಸಂಜೆ ಆಗಬಾರದ್ದು ಆಗಿಯೇ ಹೋಯಿತು. ಅವಳು ಜೋರಾಗಿ ಓಡಿ ಬಂದು ಎರಡೂ ಕಾಲಿನಿಂದ ಜಿಗಿದಳು. ಕೌದಿ ದಾಟಿ ಹೋದಳು. ಕೈ ಚಾಚಿತು...

ಕಟಕ್!

ಪರಶು ತನ್ನ ಟೆಂಪೋದಲ್ಲೇ ಅವಳನ್ನು ವಿಜಯಪುರಕ್ಕೆ ಕರೆದೊಯ್ದ. ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿ, ಅವಳನ್ನು ಮನೆ ಬಾಗಿಲಿಗೆ ಬಿಟ್ಟು, ಹುಲಿಗೆವ್ವನ ಕಾಲು ಮುಟ್ಟಿ ಹೋದ.

ಮತ್ತೆ ಬರಲಿಲ್ಲ.

ಫೋನ್ ಹತ್ತಲಿಲ್ಲ. ಅವನ ಟೆಂಪೋವನ್ನು ಬೇರೆ ಯಾರೋ ಓಡಿಸುತ್ತಿದ್ದರು. ಆಯ್ಕೆಯ ದಿನ ಬಂತು, ಹೋಯಿತು. ಗೆಳತಿಯರು ಹೊಸ ಜರ್ಸಿ ಹಾಕಿಕೊಂಡು ಬಸ್ಸು ಹತ್ತುವುದನ್ನು ಪಲ್ಲವಿ ಬಸ್‌ಸ್ಟ್ಯಾಂಡಿನ ಕಂಬದ ಮರೆಯಲ್ಲಿ ನಿಂತು ನೋಡಿದಳು. ಪ್ಲಾಸ್ಟರ್ ಬಿಚ್ಚಿದ ಮೇಲೂ ಮಣಿಕಟ್ಟು ಪೂರ್ತಿ ಬಾಗಲಿಲ್ಲ. ಅದು ಇನ್ನು ಹೀಗೇ ಎಂದರು ಡಾಕ್ಟರು. ರೊಟ್ಟಿ ಬಡಿಯಲು ಕೂತರೆ ಹಿಟ್ಟು ಅಂಚಿನಲ್ಲಿ ಹರಿದು ಹೋಗುತ್ತಿತ್ತು. ಅವ್ವ ಹಿಟ್ಟಿನ ಮುದ್ದೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸುತ್ತಿತ್ತು.

ಹೊಲದ ರವದಿಗೆ ಯಾರೋ ಬೆಂಕಿ ಹಚ್ಚಿದರು. ಕರಿಯ ಬೂದಿಯ ಮುಂದೆ ನಿಂತು ಪಲ್ಲವಿ ಅಂದುಕೊಂಡಳು. 'ಹಾರೂತನಕ ಬೇಕಾಗಿದ್ದೆ. ಕೈ ಮುರದ ಮ್ಯಾಲ ಬ್ಯಾಡಾದೆ...'

ಊಟ ಸೇರಲಿಲ್ಲ. ಓಡುವುದನ್ನೂ ಬಿಟ್ಟಳು. ಬೆಳಗಾದರೆ ಯಾಕೆ ಬೆಳಗಾಯಿತು ಅನ್ನಿಸುತ್ತಿತ್ತು.

ಮಗಳು ದಿನೇ ದಿನೇ ಸೊರಗುವುದನ್ನು ನೋಡಲಾರದೆ ಹುಲಿಗೆವ್ವನೇ ಸಂತೆಯಲ್ಲಿ ವಿಚಾರಿಸಿಕೊಂಡು ಬಂದಳು.

"ತಾಳಿಕೋಟ್ಯಾಗ ಅದಾನಂತ. ಹೋಗಿ ಮಕದ ಮ್ಯಾಲ ಉಗುಳಿ ಬಾ. ಹೊಟ್ಟ್ಯಾಗ ಇಟಗೊಂಡು ಸಾಯಬ್ಯಾಡ."

ಪಲ್ಲವಿ ಉಗುಳಲೆಂದೇ ಹೊರಟಳು. ಸಿಂದಗಿಯಲ್ಲಿ ಬಸ್ಸು ಬದಲಿಸಿ, ದೇವರ ಹಿಪ್ಪರಗಿ ದಾಟಿ ತಾಳಿಕೋಟೆಯಲ್ಲಿ ಇಳಿದಳು. ಹೇಳಬೇಕಾದ ಬೈಗುಳಗಳನ್ನೆಲ್ಲ ದಾರಿಯಲ್ಲೇ ಹೊಂದಿಸಿಕೊಂಡಿದ್ದಳು.

ಬಸ್‌ಸ್ಟ್ಯಾಂಡ್ ಹತ್ತಿರ ಚಹಾ ಮಾರುವ ಶಮಶಾದಬಿಯನ್ನು ಕೇಳಿದಳು.

"ಪರಶುನಾ? ಅಗೋ, ಆ ಟೆಂಪೋದ ಬಾಗಲದಾಗ ನಿಂತು ಮಂದೀನ ಕರಿಯಾಕತ್ತಾನ. ಹುಡುಗ ಛಲೋ ಅದಾನ ತಾಯಿ. ನಗೂದ ಮಾತ್ರ ಮನ್ಯಾಗ ಮರತು ಬಂದಾನ. ನೀ ಅವಗ ಏನಾಗಬೇಕು?"

"ಏನೂ ಅಲ್ಲ" ಎಂದಳು ಪಲ್ಲವಿ.

ಅಷ್ಟರಲ್ಲಿ ಪರಶು ಟೆಂಪೋದಿಂದ ಇಳಿದ. ಅವಳನ್ನು ನೋಡಿರಲಿಲ್ಲ. ಮೊದಲು ಕೈಯಿಂದ ಸರಳು ಹಿಡಿದ. ಬಲಗಾಲು ಕೆಳಗಿಟ್ಟ. ಆಮೇಲೆ ಎಡಗಾಲನ್ನು, ತನ್ನದೇ ಅಲ್ಲವೆಂಬಂತೆ, ಮೆಲ್ಲಗೆ ಎಳೆದುಕೊಂಡ.

ಪಲ್ಲವಿ ನಿಂತಲ್ಲೇ ಕಲ್ಲಾದಳು.

ಖೊಖೊದಲ್ಲಿ ಮೊದಲು ಕಲಿಸುವುದೇ ಅದು, ಓಡುವವರ ಮುಖ ನೋಡಬೇಡ, ಕಾಲು ನೋಡು. ಮುಖ ಮೋಸ ಮಾಡುತ್ತದೆ, ಕಾಲು ಮಾಡುವುದಿಲ್ಲ. ಎಷ್ಟು ಹುಡುಗಿಯರ ಕಾಲು ನೋಡಿ ಅವರು ಯಾವ ಕಡೆ ಹೊರಳುತ್ತಾರೆಂದು ಹೇಳಿದ್ದಳು! ಆದರೆ ಪರಶುವಿನ ಎದುರು ಅಷ್ಟು ಸಂಜೆ ಕೂತರೂ ಒಮ್ಮೆಯೂ ಅವನ ಕಾಲು ನೋಡಿರಲಿಲ್ಲ. ಅವನು ಗಟ್ಟಿ ನೆಲದ ಮೇಲೆ ಎಂದೂ ಇಳಿಯುತ್ತಿರಲಿಲ್ಲ. ಸೊಂಟದವರೆಗೂ ಹೂಳುವ ರವದಿಯ ಮೇಲೆ ಮಾತ್ರ. ಕೂತರೆ ಎಡಗಾಲು ಯಾವಾಗಲೂ ಉದ್ದಕ್ಕೆ. ಎಲ್ಲಾ ಕಣ್ಣೆದುರಿಗೇ ಇತ್ತು. ಅವಳು ಮುಖ ನೋಡುತ್ತ ಕೂತಿದ್ದಳು...

"ಯಾವಾಗಿಂದ?"

ಪರಶು ಬೆಚ್ಚಿ ತಿರುಗಿದ. "ಪಲ್ಲವಿ..."

"ಕಾಲ ಕೇಳಾಕತ್ತೇನಿ. ಯಾವಾಗಿಂದ?"

ಅವನು ತಲೆ ತಗ್ಗಿಸಿದ. "ನಿನ್ನ ನೋಡೂಕಿಂತ ಮೊದಲ. ಒಂಟಿಗಾಲಿಂದ ಹೊಡಿಯಾಕ ಹೋಗಿ ಮೊಣಕಾಲ ಒಳಗಿಂದು ಹರೀತು. ಏನ ಮಾಡಿದ್ರೂ ಮೊದಲಿನಂಗ ಆಗಂಗಿಲ್ಲ ಅಂದ್ರು. ಆಮ್ಯಾಲೂ ಹಾರಿ ಹಾರಿ ಈಗ ಕ್ಲಚ್ ತುಳಿಯಾಕೂ ಆಗವಲ್ದು."

"ಅಂಥಾ ಕಾಲ ಇಟಗೊಂಡು ನನ್ನ ಮುಂದ ಹಾರಿದೇನು?"

"ಹಾರಲಿಲ್ಲಂದ್ರ ನೀ ಮರುದಿನ ಬರ್ತಿದ್ದಿಲ್ಲ ಅನಿಸ್ತು."

"ಹುಚ್ಚ!" ಅವಳ ದನಿ ಒಡೆಯಿತು. "ಹೇಳಬಾರದಾಗಿತ್ತೇನು?"

"ನಿನಗ ಒಂಟಿಗಾಲಿಂದ ಹೊಂದ್ತೈತಿ ಅಂತ ನನಗ ಗೊತ್ತಿತ್ತು. ನಿನ್ನ ಮೊಣಕಾಲೂ ಹಿಂಗಾದ್ರ ಅಂತ ಅಂಜಿದೆ. ನನ್ನ ಅಂಜಿಕಿ ನಿನ್ನ ಕೈ ಮುರೀತು, ಪಲ್ಲವಿ. ನಿನ್ನ ಆಟ ನುಂಗಿತು. ಯಾವ ಮುಖ ಹೊತ್ತುಕೊಂಡು ನಿಮ್ಮ ಮನಿಗೆ ಬರ್ಲಿ?"

ದಾರಿಯುದ್ದಕ್ಕೂ ಹೊಂದಿಸಿಕೊಂಡ ಬೈಗುಳಗಳಲ್ಲಿ ಒಂದೂ ನೆನಪಾಗಲಿಲ್ಲ. ಸಿಟ್ಟು ಇತ್ತು, ಹೋಗಿರಲಿಲ್ಲ. ಅದರ ಅಡಿಯಲ್ಲಿ ಇನ್ನೇನೋ ಇತ್ತು.

"ಕೈ ಮುರದದ್ದಕ್ಕ ನಾ ಅಳಲಿಲ್ಲ" ಎಂದಳು. "ನೀ ಬರಲಿಲ್ಲ ನೋಡು, ಅದಕ್ಕ ಅತ್ತೆ. ಹಾರೂದು ನೋಡಾಕ ಬರ್ತಿದ್ನೇನು ನಾ? ನಿನ್ನ ನೋಡಾಕ ಬರ್ತಿದ್ದೆ!"

ಪರಶುವಿನ ಕಣ್ಣು ತುಂಬಿತು. "ನಿನ್ನ ಬಿಟ್ಟು ಇರಾಕ ಆಗವಲ್ದು" ಎಂದ. "ಸಿಂದಗಿ ಬಸ್ಸು ಬಂದಾಗೊಮ್ಮೆ ನೀ ಇಳೀತಿಯೇನೋ ಅಂತ ನೋಡ್ತೇನಿ."

ಶಮಶಾದಬಿ ದೂರದಿಂದಲೇ ಕೂಗಿದಳು. "ಏನೂ ಅಲ್ಲ ಅಂದಾಕಿ, ಎರಡು ಚಹಾ ಹಾಕ್ಲೇನು?"

ಮುಂದಿನ ಸುಗ್ಗಿಗೆ ಕಬ್ಬು ಕಡಿದರು. ಅದೇ ಹೊಲದಲ್ಲಿ ಹೊಸ ರವದಿ ಬಿತ್ತು. ಹುಲಿಗೆವ್ವನೇ ಗೊಣಗುತ್ತ ಕೌದಿ ಹೊತ್ತು ತಂದು ಹಾಸಿದಳು. ಪಲ್ಲವಿಯ ಮಣಿಕಟ್ಟು ಇನ್ನು ಪೂರ್ತಿ ಬಾಗುವುದಿಲ್ಲ. ಪರಶುವಿನ ಕಾಲು ಇನ್ನು ಹಾರುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಯಾವುದು ಮೊದಲ?" ಎಂದು ಕೇಳಿದ ಪರಶು. ಈ ಸಲ ಕೇಳಿದ.

"ಒಂಟಿಗಾಲಿಂದು."

"ಅಂಜಿಕಿ ಬರತೈತಿ."

"ನನಗೂ. ಬೆನ್ನಿಗೆ ಕೈ ಕೊಡು."

ಅವಳು ಎಡಗಾಲು ಊರಿದಳು. ಬಲಗಾಲು ಹಿಂದಿನಿಂದ ಬೀಸಿ ಮೇಲೆದ್ದಿತು. ಆಕಾಶ ಕಾಲ ಕೆಳಗೆ ಬಂದು ಹೋಯಿತು... ಪೂರ್ತಿ ಸುತ್ತಲಿಲ್ಲ. ಕೌದಿಯ ಮೇಲೆ ಕುಂಡೆ ಊರಿ ಬಿದ್ದಳು. ಬಿದ್ದಲ್ಲೇ ನಗುತ್ತ ಅತ್ತಳು.

"ಕೈ ಎಲ್ಲಿತ್ತು? ಚಾಚಿತೇನು?" ಎಂದು ಪರಶು ಗಾಬರಿಯಿಂದ ಬಾಗಿದ.

"ನೀ ನೋಡಲಿಲ್ಲೇನು?"

"ಅಂಜಿ ಕಣ್ಣು ಮುಚ್ಚಿದ್ದೆ."

ಅವಳು ಅವನ ಮುಖ ನೋಡಲಿಲ್ಲ. ಅವನ ಎಡ ಮೊಣಕಾಲನ್ನು ನೋಡಿದಳು. ಅದರ ಮೇಲೆ ತನ್ನ ಬಾಗದ ಕೈಯನ್ನು ಇಟ್ಟಳು.

"ಮತ್ತೊಮ್ಮೆ ಹಾರ್ತೇನಿ. ಈ ಸಲ ಕಣ್ಣು ತಗಿ."

"ತಗೀತೇನಿ."