ವೆಲ್ಲೋಹರ್ಸ್ಟ್ ಚರಿತ್ರೆಯ ನಲವತ್ತೊಂದು ಪೆಟ್ಟಿಗೆಗಳು

೧೯೬೬ರ ಮಾರ್ಚ್ ೮, ಮಂಗಳವಾರ, ಬೆಳಿಗ್ಗೆ ೧೦.೨೦. ಲಂಡನ್ನಿಗೆ ಹತ್ತಿರದ ವೆಲ್ಲೋಹರ್ಸ್ಟ್ ಪೊಲೀಸ್ ಠಾಣೆಗೆ ಹ್ಯೂಬರ್ಟ್ ಲಿಂಗ್‌ವುಡ್ ಬಂದಾಗ ಅವರ ಮುಖ ಕೆಂಪಾಗಿತ್ತು. ವಿಮಾ ಕಂಪನಿಯಿಂದ ನಿವೃತ್ತರಾದ ಈ ಮನುಷ್ಯ ಊರಿನ ಇತಿಹಾಸ ಸಂಘದ ಅಧ್ಯಕ್ಷರು. ಹೂವಿನ ಪ್ರದರ್ಶನ ಸಮಿತಿಗೂ ಕ್ರಿಕೆಟ್ ಕ್ಲಬ್ಬಿಗೂ ಅವರೇ ಅಧ್ಯಕ್ಷರು. ಎಲ್ಲಿ ಸಭೆಯೋ ಅಲ್ಲಿ ಅವರು, ಎಲ್ಲಿ ಕೆಲಸವೋ ಅಲ್ಲಿ ಬೇರೆಯವರು.

ಊರಿನ ಚರಿತ್ರೆಯೇ ಕಳುವಾಗಿದೆ ಎಂಬುದು ಅವರ ದೂರು. ಸಂಘದ ನಲವತ್ತೊಂದು ರಟ್ಟಿನ ಪೆಟ್ಟಿಗೆಗಳು ಗೌರವ ಕಾರ್ಯದರ್ಶಿ ಮಿಸ್ ವಿನಿಫ್ರೆಡ್ ಆಸ್ಕ್ಯೂ ಅವರ ಮನೆಯಲ್ಲಿದ್ದವು. ರೈಲು ಬಂದ ವರ್ಷದ ವೇಳಾಪಟ್ಟಿ, ಹಾಲಿನ ಡೈರಿಗಳಿದ್ದ ಕಾಲದ ನಕ್ಷೆಗಳು, ಶಾಲೆಯ ಹಾಜರಿ ಪುಸ್ತಕ, ಯುದ್ಧಕಾಲದ ಪಡಿತರ ಚೀಟಿ, ನಾಟಕ ಮಂಡಳಿಯ ಫೋಟೋಗಳು, ಎಲ್ಲವೂ ಅವುಗಳಲ್ಲಿದ್ದವು. ಪ್ರದರ್ಶನವೊಂದಕ್ಕೆ ಹಳೆಯ ಸ್ಟೇಷನ್ನಿನ ಫೋಟೋ ಬೇಕೆಂದು ಅಂದು ಬೆಳಿಗ್ಗೆ ಲಿಂಗ್‌ವುಡ್ ಆಕೆಯ ಬಾಗಿಲು ತಟ್ಟಿದ್ದರು. ತಾನು ಮಾರ್ಚ್ ೧ರಿಂದ ೫ರವರೆಗೆ ದೂರದ ವಿಟ್ಬಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ಯಾರೋ ನುಗ್ಗಿ ಎಲ್ಲವನ್ನೂ ಹೊತ್ತೊಯ್ದಿದ್ದಾರೆ ಎಂದು ಆಕೆ ಹೇಳಿದರಂತೆ.

ಇನ್‌ಸ್ಪೆಕ್ಟರ್ ಡೆನ್ನಿಸ್ ಪ್ರಾಥೆರೋ ಎಫ್‌ಐಆರ್ ಬರೆದು ಮುಗಿಸಿ ಪೆನ್ನು ಕೆಳಗಿಟ್ಟರು.

"ಅವರು ವಾಪಸ್ ಬಂದಿದ್ದು ಶನಿವಾರ. ಇವತ್ತು ಮಂಗಳವಾರ. ಅವರೇ ಯಾಕೆ ದೂರು ಕೊಡಲಿಲ್ಲ?"

"ಪಾಪ, ಗಾಬರಿ ಆಗಿರಬೇಕು. ಆ ಪೆಟ್ಟಿಗೆಗಳು ಅಂದ್ರೆ ಅವರಿಗೆ ಪ್ರಾಣ ಕಣ್ರೀ," ಎಂದರು ಲಿಂಗ್‌ವುಡ್.

ಮಧ್ಯಾಹ್ನ ೧೨.೧೫ಕ್ಕೆ ಪ್ರಾಥೆರೋ, ಕಾನ್‌ಸ್ಟೇಬಲ್ ಆಡ್ರಿ ಟಫ್ನಲ್ ಜೊತೆ ಆಕೆಯ ಮನೆಗೆ ಹೋದರು. ನೆರೆಹೊರೆಯ ಇಬ್ಬರನ್ನು ಪಂಚರಾಗಿ ಕರೆದು ಪಂಚನಾಮೆ ಶುರುವಾಯಿತು. ಬೀಗ ಮುರಿದಿರಲಿಲ್ಲ, ಕಿಟಕಿಗಳು ನೆಟ್ಟಗಿದ್ದವು. ಮೇಲಿನ ಎರಡು ಮಲಗುವ ಕೋಣೆಗಳೂ ಬರಿದಾಗಿದ್ದವು. ಮಿಸ್ ಆಸ್ಕ್ಯೂ, ಅರವತ್ತಮೂರು ವರ್ಷದ ತೆಳ್ಳನೆಯ ಹೆಂಗಸು, ಕೇಳಿದ್ದಕ್ಕೆಲ್ಲ ಹೌದು, ಇಲ್ಲ ಎಂದು ಉತ್ತರಿಸಿದರು. ಕೊನೆಗೆ ತಾವಾಗಿ ಒಂದೇ ಪ್ರಶ್ನೆ ಕೇಳಿದರು.

"ಇಪ್ಪತ್ತೈದನೇ ತಾರೀಕು ನಾನು ಹೋಗಬಹುದು ತಾನೆ? ಮನೆ ಮಾರಾಟ ಆಗಿದೆ. ಅವತ್ತು ಖಾಲಿ ಮಾಡಿಕೊಡಬೇಕು. ವಿಟ್ಬಿಯಲ್ಲಿ ತಂಗಿ ಎನಿಡ್‌ಗೆ ಕಣ್ಣು ಪೂರ್ತಿ ಹೋಗ್ತಾ ಇದೆ. ಒಬ್ಬಳೇ ಒಲೆ ಹಚ್ತಾಳೆ."

ತನಿಖೆ ಮುಗಿಯುವವರೆಗೆ ಊರು ಬಿಡುವ ಹಾಗಿಲ್ಲ ಎಂದರು ಪ್ರಾಥೆರೋ. ಆಕೆ ತಲೆಯಾಡಿಸಿದರು. ಆ ಮಾತನ್ನು ಮೊದಲೂ ಎಷ್ಟೋ ಸಲ ಕೇಳಿದವರ ಹಾಗೆ ಸುಮ್ಮನೆ ಚಹಾ ಮಾಡಲು ಹೋದರು.

ಟಫ್ನಲ್ ಮಾತ್ರ ಮಹಡಿಯ ಮೇಲೆ ಮೊಣಕಾಲೂರಿ ಜಮಖಾನೆಯನ್ನು ಕೈಯಿಂದ ತಡವುತ್ತಿದ್ದಳು. ವಾರಕ್ಕೊಮ್ಮೆ ಮನೆಯ ಸಾಮಾನೆಲ್ಲ ಸರಿಸಿ ಗುಡಿಸುವ ತಾಯಿಯ ಮಗಳು ಅವಳು.

"ಸರ್, ಬಾಗಿಲ ಹತ್ರ ನೋಡಿ. ಪೆಟ್ಟಿಗೆ ಕೂತಿದ್ದ ಗುರುತು ಇನ್ನೂ ಆಳವಾಗಿದೆ. ಕಿಟಕಿ ಹತ್ರ ನೂಲು ಮತ್ತೆ ಎದ್ದುಬಿಟ್ಟಿದೆ, ಮೇಲೆ ಧೂಳೂ ಕೂತಿದೆ. ಎಲ್ಲಾ ಒಂದೇ ದಿನ ಹೋಗಿದ್ರೆ ಹಿಂಗಾಗಲ್ಲ."

"ಎಷ್ಟು ದಿನದಲ್ಲಿ ಹೋಗಿರಬಹುದು?"

"ಎರಡು ತಿಂಗಳಾದ್ರೂ ಹಿಡಿದಿರಬೇಕು."

ಎದುರು ಮನೆಯ ಮಿಸೆಸ್ ಪಿನ್‌ಫೋಲ್ಡ್ ಪಂಚರಲ್ಲಿ ಒಬ್ಬರು. ಬೀದಿಯ ಕಡೆಗಿನ ಪರದೆಯನ್ನು ಆಕೆ ಸರಿಸಿದ್ದನ್ನು ಯಾರೂ ಕಂಡಿಲ್ಲ. ಆದರೆ ಆಕೆಗೆ ತಿಳಿಯದ್ದು ಆ ಬೀದಿಯಲ್ಲಿ ನಡೆಯುವುದಿಲ್ಲ. ಮಾರ್ಚ್ ಮೊದಲ ವಾರ ಯಾವ ವ್ಯಾನೂ ಬರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಿದರು.

"ನೋಡು ಕಂದ," ಎಂದು ಟಫ್ನಲ್‌ಳ ಕೈ ಹಿಡಿದರು, "ಕಳ್ಳರು ನನ್ನ ಕಣ್ಣು ತಪ್ಪಿಸಿ ಹೋಗೋಕೆ ಆಗತ್ತಾ? ಈ ಬೀದಿಯಲ್ಲಿ ಚಕ್ರ ಉರುಳಿದ್ದು ಅಂದ್ರೆ ವಿನಿ ತರಕಾರಿ ತರೋ ಪುಟ್ಟ ಕೈಗಾಡಿ ಒಂದೇ. ಹೊಸ ವರ್ಷದಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಮುಂಚೆ ಎಳ್ಕೊಂಡು ಸ್ಟೇಷನ್ ಕಡೆ ಹೋಗ್ತಿದ್ಲು. ತರಕಾರಿ ಅಂಗಡಿ ಇರೋದು ಆ ಕಡೆಗೆ, ಅವಳು ಹೋಗ್ತಿದ್ದಿದ್ದು ಈ ಕಡೆಗೆ. ನಾನ್ಯಾಕೆ ಕೇಳ್ಲಿ? ಅದು ಅವಳ ವಿಷಯ."

ಸ್ಟೇಷನ್ನಿನ ಟಿಕೆಟ್ ಗುಮಾಸ್ತ ಅದನ್ನೇ ಖಚಿತಪಡಿಸಿದ. ಜನವರಿ ೩ರಿಂದ ಫೆಬ್ರವರಿ ೨೮ರವರೆಗೆ, ಶನಿವಾರ ಭಾನುವಾರ ಬಿಟ್ಟು, ಮಿಸ್ ಆಸ್ಕ್ಯೂ ಪ್ರತಿದಿನ ೮.೦೪ರ ಲಂಡನ್ ರೈಲಿಗೆ ಮುಂದಿನ ನಿಲ್ದಾಣದವರೆಗೆ ಟಿಕೆಟ್ ಕೊಂಡಿದ್ದರು. ಟಫ್ನಲ್ ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿದಳು. ನಲವತ್ತೊಂದು ದಿನ.

ಮಾರ್ಚ್ ೧೦, ಗುರುವಾರ, ಬೆಳಿಗ್ಗೆ ೭.೫೫. ಪ್ರಾಥೆರೋ ಪ್ಲಾಟ್‌ಫಾರ್ಮಿಗೆ ಹೋಗಿ ಖಾಲಿ ಕಂಡ ಕಡೆ ನಿಂತರು. ಎರಡೇ ನಿಮಿಷದಲ್ಲಿ ಸುತ್ತಲಿದ್ದವರ ಪತ್ರಿಕೆಗಳು ತುಸು ಕೆಳಗಿಳಿದವು. ಕರಿಯ ಕೋಟಿನವರೊಬ್ಬರು ಬಂದು ಅವರ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತು ಕೆಮ್ಮಿದರು. ತಾನು ಯಾರದೋ ಜಾಗದಲ್ಲಿದ್ದೇನೆ ಎಂದು ಪ್ರಾಥೆರೋಗೆ ಅರ್ಥವಾಯಿತು. ಬೆಳಿಗ್ಗೆ ಊರೇ ಲಂಡನ್ನಿಗೆ ಹೋಗಿ ಸಂಜೆ ಮಲಗಲಷ್ಟೇ ಮರಳುವ ಇಲ್ಲಿ, ಜನರಿಗೆ ಹೊಲ ಗದ್ದೆ ಹೋದರೂ ಪ್ಲಾಟ್‌ಫಾರ್ಮಿನ ಮೇಲೆ ಎರಡಡಿ ಜಾಗ ಉಳಿದಿದೆ. ಅದನ್ನು ಬಿಟ್ಟುಕೊಡುವವರು ಯಾರೂ ಇಲ್ಲ.

ಕರಿಯ ಕೋಟಿನವರ ಹೆಸರು ಡೆರೆಕ್ ಸ್ಕಿಲ್ಟನ್. ಹನ್ನೊಂದು ವರ್ಷದಿಂದ ಅದೇ ರೈಲಿನ ಅದೇ ಡಬ್ಬಿಯಲ್ಲಿ ಅದೇ ಸೀಟು. ಪ್ರಾಥೆರೋ ಗುರುತಿನ ಚೀಟಿ ತೋರಿಸಿ, ಅವರೊಂದಿಗೇ ರೈಲು ಹತ್ತಿ ಪ್ರಶ್ನೆ ಕೇಳಿದರು.

"ತರಕಾರಿ ಗಾಡಿ ತರೋ ಹೆಂಗಸು ಗೊತ್ತಾ?"

"ಗೊತ್ತು ಅಂದ್ರೆ... ಎದುರು ಕೂರೋರು. ನೀಲಿ ಟೋಪಿ."

"ಏನು ಮಾಡ್ತಿದ್ರು?"

"ಗಾಡಿಯಿಂದ ಒಂದು ಪೆಟ್ಟಿಗೆ ತೆಗೆದು ಮೇಲೆ ಸಾಮಾನಿಡೋ ಬಲೆಗೆ ಇಡೋರು. ಭಾರ ಇರ್ತಿತ್ತು, ಒಂದ್ಸಲ ನಾನೇ ಎತ್ತಿಕೊಟ್ಟೆ. ಮುಂದಿನ ಸ್ಟೇಷನ್ನಲ್ಲಿ ಇಳಿದು ಹೋಗೋರು."

"ಪೆಟ್ಟಿಗೆ?"

"ಅಲ್ಲೇ ಇರ್ತಿತ್ತು."

"ದಿನಾ?"

"ದಿನಾ."

"ನೀವು ಆರು ಜನ ಕೂತಿರ್ತೀರ. ಪೆಟ್ಟಿಗೆ ಮರೆತ್ರಿ ಅಂತ ಒಬ್ಬರೂ ಹೇಳಲಿಲ್ವಾ?"

ಸ್ಕಿಲ್ಟನ್‌ಗೆ ನಿಜವಾಗಿಯೂ ನೋವಾಯಿತು. "ಹೆಂಗೆ ಹೇಳೋದು ಸರ್? ನಮಗೆ ಪರಿಚಯ ಇಲ್ವಲ್ಲ."

ಉಳಿದ ಐವರು ಪತ್ರಿಕೆಯ ಹಿಂದಿನಿಂದಲೇ ಹೌದೆಂದು ತಲೆ ಅಲ್ಲಾಡಿಸಿದರು. ಪ್ರಾಥೆರೋ ಕೆಳಗೆ ನೋಡಿದರು. ಆರು ಜೊತೆ ಮೊಣಕಾಲುಗಳು ಒಂದಕ್ಕೊಂದು ತಾಗದ ಹಾಗೆ ವರ್ಷಾನುಗಟ್ಟಲೆ ಅಭ್ಯಾಸ ಮಾಡಿಕೊಂಡಿದ್ದವು.

ಲಂಡನ್ ನಿಲ್ದಾಣದ ಕಳೆದ ವಸ್ತುಗಳ ಕಚೇರಿಯಲ್ಲಿ ಪೆಟ್ಟಿಗೆಗಳು ಕಪಾಟಿನ ಮೇಲೆ ಸಾಲಾಗಿ ಕೂತಿದ್ದವು. ಹೆಸರಿನ ಚೀಟಿಗಳನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಲಾಗಿತ್ತು. ಅಲ್ಲಿನ ಗುಮಾಸ್ತ ಮೊದಮೊದಲು ತಲೆ ಕೆರೆದುಕೊಂಡನಂತೆ. ಆಮೇಲೆ ಹೊತ್ತು ಕಳೆಯಲು ಒಂದೊಂದನ್ನೇ ತೆರೆದು ಓದತೊಡಗಿದ. ವೆಲ್ಲೋಹರ್ಸ್ಟಿನ ಫುಟ್‌ಬಾಲ್ ತಂಡ ೧೯೨೪ರಲ್ಲಿ ಯಾಕೆ ಸೋತಿತು, ಪಾದ್ರಿಗೂ ಮಾಂಸದಂಗಡಿಯವನಿಗೂ ಯಾಕೆ ಮಾತು ಬಿಟ್ಟಿತು, ಎಲ್ಲವೂ ಅವನಿಗೆ ಬಾಯಿಪಾಠವಾಗಿತ್ತು. ಊರಿನಲ್ಲಿ ಯಾರೊಬ್ಬರೂ ಓದದ ಚರಿತ್ರೆಯನ್ನು ಆ ಊರು ನೋಡದವನೊಬ್ಬ ಓದಿ ಮುಗಿಸಿದ್ದ.

"ಯಾವ ಊರಿನದು ಅಂತ ಗೊತ್ತಾದ ಮೇಲೆ ಸುಮ್ನೆ ಇರಕ್ಕಾಗತ್ತಾ ಸರ್? ಮೂರು ಕಾಗದ ಬರೆದೆ. ನಕಲು ಇಲ್ಲಿದೆ."

ಮೂರೂ ಕಾಗದಗಳ ವಿಳಾಸ ಒಂದೇ: ಗೌರವ ಕಾರ್ಯದರ್ಶಿ, ಇತಿಹಾಸ ಸಂಘ, ವೆಲ್ಲೋಹರ್ಸ್ಟ್. ಕೊನೆಯದರ ತಾರೀಕು ಫೆಬ್ರವರಿ ೨೧.

ಮಾರ್ಚ್ ೧೧, ಶುಕ್ರವಾರ, ಮಧ್ಯಾಹ್ನ ೩ ಗಂಟೆ. ಪ್ರಾಥೆರೋ ನಕಲುಗಳನ್ನು ಠಾಣೆಯ ಮೇಜಿನ ಮೇಲೆ ಹರಡಿದರು. ಮಿಸ್ ಆಸ್ಕ್ಯೂ ಕನ್ನಡಕ ಹಾಕಿಕೊಂಡು ಓದಿ, ಮಡಚಿ ಹಿಂದಕ್ಕೆ ಕೊಟ್ಟರು.

"ಕಾಗದ ತಲುಪಿತ್ತಾ?"

"ತಲುಪಿತ್ತು. ಸಂಘಕ್ಕೆ ಬಂದದ್ದೆಲ್ಲ ನನಗೇ ಬರತ್ತೆ. ಇನ್ಯಾರಿಗೆ ಬರತ್ತೆ?"

"ಕಳುವಾಗಿದೆ ಅಂತ ನನ್ನ ಹತ್ರ ಹೇಳಿದ್ದು ಸುಳ್ಳು?"

"ಸುಳ್ಳು. ಲಿಂಗ್‌ವುಡ್ ಬಾಗಿಲಲ್ಲಿ ನಿಂತಿದ್ರು. ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಅವರು ನೆಟ್ಟಗೆ ನಿಮ್ಮ ಹತ್ರ ಓಡ್ತಾರೆ ಅಂತ ಅಂದುಕೊಳ್ಳಲಿಲ್ಲ. ಅವರು ಯಾವತ್ತೂ ಯಾವುದಕ್ಕೂ ಓಡಿದವರಲ್ಲ."

ಉಳಿದದ್ದನ್ನು ಆಕೆ ನಿಧಾನವಾಗಿ ಹೇಳಿದರು, ಟಫ್ನಲ್ ಬರೆದುಕೊಂಡಳು. ೧೯೫೦ರಲ್ಲಿ ಗ್ರಂಥಾಲಯದ ಕೋಣೆ ಮುಚ್ಚಿದಾಗ, ಆರು ವಾರದ ಮಟ್ಟಿಗೆ ಇರಲಿ ಎಂದು ಪೆಟ್ಟಿಗೆಗಳನ್ನು ಆಕೆಯ ಮನೆಗೆ ತಂದರು. ಆರು ವಾರ ಹದಿನಾರು ವರ್ಷವಾಯಿತು. ಮಲಗುವ ಕೋಣೆಗಳೆರಡೂ ತುಂಬಿದ ಮೇಲೆ ಆಕೆ ಕೆಳಗೆ ಸೋಫಾದ ಮೇಲೆ ಮಲಗತೊಡಗಿದರು. ಪ್ರತಿ ಮಾರ್ಚ್‌ನಲ್ಲಿ ವಾರ್ಷಿಕ ಸಭೆ. ಪ್ರತಿ ಸಭೆಯಲ್ಲೂ ಆಕೆಯ ರಾಜೀನಾಮೆ. ಈ ಹುದ್ದೆಗೆ ಯಾರಿದ್ದೀರಿ ಎಂದು ಅಧ್ಯಕ್ಷರು ಕೇಳಿದೊಡನೆ ಎಲ್ಲರೂ ಬೂಟು ನೋಡಿಕೊಳ್ಳುವರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಆಮೇಲೆ ಚಪ್ಪಾಳೆ, ಅವಿರೋಧ ಆಯ್ಕೆ, ಚಹಾ, ಬಿಸ್ಕತ್ತು. ಪೆಟ್ಟಿಗೆಗಳನ್ನು ಜಿಲ್ಲಾ ದಾಖಲೆ ಕಚೇರಿಗೆ ಕೊಡೋಣವೆಂದರೆ ಅದಕ್ಕೆ ಸಮಿತಿಯ ಒಪ್ಪಿಗೆ ಬೇಕು. ಮುಂದಿನ ಸಭೆಯಲ್ಲಿ ನೋಡೋಣ ಎಂದು ಸಮಿತಿ ಏಳು ಸಲ ಹೇಳಿತ್ತು.

"ಬಿಟ್ಟು ಹೋಗಬಹುದಿತ್ತಲ್ಲ?" ಎಂದು ಕೇಳಿದಳು ಟಫ್ನಲ್. "ಅಧ್ಯಕ್ಷರ ಮನೆ ಬಾಗಿಲಲ್ಲಿ ಇಟ್ಟು ಹೋಗ್ತೀನಿ ಅಂದಿದ್ರೆ?"

"ಹಾಗೆಲ್ಲ ಮಾಡೋದಿಲ್ಲಮ್ಮ ಯಾರೂ," ಎಂದರು ಮಿಸ್ ಆಸ್ಕ್ಯೂ. "ಸುಡೋಕೂ ಮನಸ್ಸು ಬರಲಿಲ್ಲ. ಎರಡು ಸಲ ಬೆಂಕಿಪೆಟ್ಟಿಗೆ ಕೈಗೆ ತಗೊಂಡೆ. ರೈಲಲ್ಲಿ ಇಟ್ರೆ ಎಲ್ಲೋ ಒಂದು ಕಡೆ ಒಣಗಿದ ಜಾಗದಲ್ಲಿ ಇರತ್ತೆ ಅನ್ನಿಸ್ತು."

ಆಕೆಯ ಮೇಲೆ ಪ್ರಾಥೆರೋಗೆ ಕನಿಕರವೂ, ಇಡೀ ಊರಿನ ಮೇಲೆ ಸಿಟ್ಟೂ ಬಂತು. ಎರಡಕ್ಕೂ ನಮೂನೆಯಲ್ಲಿ ಅಂಕಣವಿರಲಿಲ್ಲ.

೩.೪೦ಕ್ಕೆ ಲಿಂಗ್‌ವುಡ್ ಬಂದರು. ಪೆಟ್ಟಿಗೆಗಳು ಸಿಕ್ಕ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ಈ ಸಲ ಮುಖ ಕೆಂಪಾಗಿರಲಿಲ್ಲ, ಬದಲಿಗೆ ದೊಡ್ಡತನದಿಂದ ಹೊಳೆಯುತ್ತಿತ್ತು. ಸಮಿತಿಯವರ ಜೊತೆ ಫೋನಿನಲ್ಲಿ ಮಾತಾಡಿದ್ದಾಗಿ ಹೇಳಿ, ಮಿಸ್ ಆಸ್ಕ್ಯೂ ಅವರ ಹೆಗಲ ಮೇಲೆ ಕೈಯಿಟ್ಟರು.

"ವಿನಿಫ್ರೆಡ್, ನಾವೆಲ್ಲ ನಿಮ್ಮನ್ನ ಕ್ಷಮಿಸಿದ್ದೀವಿ. ಒಬ್ಬರೂ ಎದುರು ಮಾತಾಡಲಿಲ್ಲ. ಆಯಾಸ ಆಗಿತ್ತು, ಅಷ್ಟೆ. ದೂರು ವಾಪಸ್ ತಗೋತೀನಿ. ಸೋಮವಾರ ವ್ಯಾನಲ್ಲಿ ಪೆಟ್ಟಿಗೆ ಎಲ್ಲಾ ನಿಮ್ಮನೆಗೇ ತಂದುಬಿಡ್ತೀವಿ. ಮನೆ ಮಾರಾಟದ ವಿಷಯ ಆಮೇಲೆ ನೋಡೋಣ. ಮುಂದಿನ ಶುಕ್ರವಾರ ವಾರ್ಷಿಕ ಸಭೆ ಬೇರೆ ಇದೆ. ನೀವಲ್ಲದೆ ಇನ್ಯಾರಿದ್ದಾರೆ ಹೇಳಿ?"

ಮಿಸ್ ಆಸ್ಕ್ಯೂ ಆ ಕೈಯನ್ನು ನೋಡಿದರು. ಅವರು ಲಿಂಗ್‌ವುಡ್ ಕಡೆಗೆ ತಿರುಗದೆ ಇನ್‌ಸ್ಪೆಕ್ಟರ್ ಕಡೆಗೇ ಬಾಗಿದರು.

"ದಯವಿಟ್ಟು," ಎಂದರು, "ಅವರಿಗೆ ದೂರು ವಾಪಸ್ ತಗೊಳ್ಳೋಕೆ ಬಿಡಬೇಡಿ."

ಲಿಂಗ್‌ವುಡ್ ನಕ್ಕರು. ಬೇರೆ ಯಾರೂ ನಗಲಿಲ್ಲ. ಪ್ರಾಥೆರೋ ಎದ್ದು ಕೋಟಿನ ಗುಂಡಿ ಹಾಕಿಕೊಂಡರು.

"ಕ್ಷಮಿಸಿ ಲಿಂಗ್‌ವುಡ್. ಇದು ಈಗ ನಿಮ್ಮ ದೂರಲ್ಲ. ಇವರು ಸುಳ್ಳು ಹೇಳಿದ್ದು ನನಗೆ. ಪೆಟ್ಟಿಗೆ ಸಾಕ್ಷ್ಯ, ಎಲ್ಲಿಗೂ ಹೋಗಲ್ಲ." ಆಮೇಲೆ ಆಕೆಯ ಕಡೆ ತಿರುಗಿದರು. "ವಿನಿಫ್ರೆಡ್ ಆಸ್ಕ್ಯೂ, ಸಂಘದ ಸ್ವತ್ತನ್ನು ಕದ್ದು ಸಾಗಿಸಿದ್ದಕ್ಕೆ, ಪೊಲೀಸರಿಗೆ ಸುಳ್ಳು ಹೇಳಿಕೆ ಕೊಟ್ಟಿದ್ದಕ್ಕೆ ನಿಮ್ಮನ್ನ ಬಂಧಿಸ್ತಾ ಇದ್ದೀನಿ. ನಿಮ್ಮ ಸಂಘದಲ್ಲಿ ಆರೋಪಿಗಳು ಹುದ್ದೆಯಲ್ಲಿ ಇರಬಹುದಾ?"

"ಇರೋ ಹಾಗಿಲ್ಲ," ಎಂದರು ಮಿಸ್ ಆಸ್ಕ್ಯೂ. "ಹನ್ನೊಂದನೇ ನಿಯಮ."

ಬಂಧನದ ಸಮಯ ೩.೫೨ ಎಂದು ದಾಖಲಾಯಿತು. ಅಂದೇ ಸಂಜೆ ಜಾಮೀನು ಸಿಕ್ಕಿತು. ವಾಸಸ್ಥಳದ ವಿಳಾಸ ಕೇಳಿದಾಗ ಆಕೆ ವಿಟ್ಬಿಯ ವಿಳಾಸ ಕೊಟ್ಟರು. ಪ್ರಾಥೆರೋ ಮರುಮಾತಿಲ್ಲದೆ ಅದನ್ನೇ ಬರೆದುಕೊಂಡರು.

ವರದಿಯ ಕೊನೆಯ ಪುಟದಲ್ಲಿ ಅಪರಾಧದ ಉದ್ದೇಶ ಎಂಬ ಅಂಕಣವಿತ್ತು. ಪ್ರಾಥೆರೋ ಅಲ್ಲಿ ಎರಡೇ ಸಾಲು ಬರೆದರು: "ಆರೋಪಿ ಹದಿನಾರು ವರ್ಷ ಬಾಯಿಬಿಟ್ಟು, ನಿಯಮದ ಪ್ರಕಾರ, ಬಿಡುಗಡೆ ಕೇಳಿದರು. ಪ್ರತಿ ಸಲವೂ ಊರು ಅವರಿಗೆ ಚಪ್ಪಾಳೆ ತಟ್ಟಿತು."