ಒಲೆಯ ಹಿಂದಿನ ಅತ್ತೆ

ದಿಬ್ಬಣದ ಡೋಲು ಬೆಟ್ಟದ ತಿರುವಿನಲ್ಲಿ ಕೇಳಿಸಿದ ಕೂಡಲೇ ತೊಗಾಯಿ ಎದ್ದು, ಹೆಂಡತಿ ಮೂವತ್ತೊಂದು ವರ್ಷ ಉಂಡ ಮರದ ಬಟ್ಟಲನ್ನು ತೊಳೆದು, ಒರೆಸಿ, ಒಲೆಯ ಕಟ್ಟೆಯ ಮೇಲೆ ಬೋರಲು ಹಾಕಿದ. ಇನ್ನು ಈ ಒಲೆ ಅವಳದಲ್ಲ ಎಂಬುದರ ಗುರುತು ಅದು.

ಸೂಮಿರಿ ಗೋಡೆಗೊರಗಿ ನೋಡುತ್ತ ನಿಂತಿದ್ದಳು. ಸೂಮಿರಿ ಎಂಬುದು ಅವಳನ್ನು ಹೆತ್ತವರು ಇಟ್ಟ ಹೆಸರು. ಈ ಮನೆಗೆ ಬಂದ ನಲವತ್ತನೆಯ ದಿನದಿಂದ ಅವಳು ಕೆಯೋ. ಈ ಮನೆಯ ಯಜಮಾನಿ ಯಾರೇ ಆಗಲಿ, ಅವಳು ಕೆಯೋ. ಅವಳ ಅತ್ತೆಯೂ ಕೆಯೋ ಆಗಿದ್ದವಳೇ. ಹಾನ್ರೆ ಕಣಿವೆಯಲ್ಲಿ ಒಲೆಗೆ ಒಬ್ಬಳೇ ಯಜಮಾನಿ. ಸೊಸೆ ಹೊಸ್ತಿಲು ದಾಟಿದೊಡನೆ ಅತ್ತೆ ‘ಸರಿದವಳು’ ಆಗುತ್ತಾಳೆ. ಅವಳನ್ನು ಯಾರೂ ಮಾತಾಡಿಸುವುದಿಲ್ಲ, ಅವಳತ್ತ ಯಾರೂ ನೋಡುವುದಿಲ್ಲ. ಕೆಲವರು ಬೆಟ್ಟದ ಮೇಲಿನ ಮಠ ಸೇರುತ್ತಾರೆ ಎನ್ನುತ್ತಾರೆ. ಸೂಮಿರಿಯ ಅತ್ತೆಯೂ ಮಠಕ್ಕೇ ಹೋದಳೆಂದು ಅಂದು ಎಲ್ಲರೂ ಹೇಳಿದ್ದರು. ಸೂಮಿರಿ ಮಾತ್ರ ತಾನು ಹೋಗುವುದಿಲ್ಲ, ಹಿಂದಿನ ಕೋಣೆಯಲ್ಲಿ ಇದ್ದುಬಿಡುತ್ತೇನೆ ಎಂದು ಗಂಡನಿಗೆ ಹೇಳಿದ್ದಳು. ಅವನೂ ಒಪ್ಪಿದ್ದ. ಊರಿನವರ ಎದುರಿಗೆ ಸುಮ್ಮನಿದ್ದರಾಯಿತು, ಬಾಗಿಲು ಹಾಕಿಕೊಂಡ ಮೇಲೆ ಎಂದಿನ ಹಾಗೆ ಮಾತಾಡೋಣ ಎಂದು ಹಿಂದಿನ ದಿನವಷ್ಟೇ ಅವಳ ತಲೆ ನೇವರಿಸಿ ಹೇಳಿದ್ದ.

ಸೊಸೆ ನಾಶೀ ಹೊಸ್ತಿಲ ಮೇಲೆ ಕಾಲಿಟ್ಟಾಗ ಒಲೆಯ ಬೆಂಕಿ ಒಂದು ಗಳಿಗೆ ನೀಲಿಯಾಯಿತು. ಅಷ್ಟೇ. ಮಗ ರುಕೆನ್ ತಾಯಿಯ ಪಕ್ಕದಲ್ಲೇ ಹಾದುಹೋದ. ಅವಳು ಕೈ ಚಾಚಿದ್ದು ಅವನಿಗೆ ಗೊತ್ತಾಗಲಿಲ್ಲ. ನಾಚಿಕೆ ಇರಬೇಕು ಎಂದುಕೊಂಡಳು. ನೆಂಟರೆಲ್ಲ ಹೋದ ಮೇಲೆ ಗಂಡನ ಮುಂದೆ ಚಹಾ ತಂದಿಟ್ಟಳು. ತೊಗಾಯಿ ಅದನ್ನು ಕುಡಿದು, ಲೋಟವನ್ನು ಸ್ವಲ್ಪ ಹೊತ್ತು ನೋಡಿ, ಇದನ್ನು ಯಾರು ತಂದಿಟ್ಟರು ಎಂದು ಮಗನನ್ನು ಕೇಳಿದ.

ಅವಳಿಗೆ ನಗು ಬಂತು. ಇಷ್ಟು ಚೆನ್ನಾಗಿ ನಟಿಸುತ್ತಾನೆಂದು ಗೊತ್ತೇ ಇರಲಿಲ್ಲ. ಪಕ್ಕದಲ್ಲಿ ಕೂತು ಅವನ ತೋಳು ಹಿಡಿದು, “ರೀ... ಬಾಗಿಲು ಹಾಕಿಯಾಯ್ತು” ಎಂದಳು. ತೊಗಾಯಿ ಜೇಡರಬಲೆ ತಾಗಿದವನ ಹಾಗೆ ತೋಳು ಒರೆಸಿಕೊಂಡು ಎದ್ದುಹೋದ. ಅವನ ಕಣ್ಣು ಅವಳ ಮುಖದ ಮೇಲೆಯೇ ಹಾದುಹೋಗಿತ್ತು. ಆ ಕಣ್ಣಿನಲ್ಲಿ ನಟನೆ ಇರಲಿಲ್ಲ. ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಅಡಿಗೆಮನೆಯ ನೆಲದ ಮೇಲೆ ಕುಕ್ಕರಿಸಿಕೊಂಡಿದ್ದಾಗ ನಾಶೀ ಬಂದಳು. ನಲವತ್ತು ದಿನ ಮದುಮಗಳು ಈ ಒಲೆಯ ಅನ್ನ ಉಣ್ಣುವಂತಿಲ್ಲ. ತವರಿನಿಂದ ತಂದ ಹುರಿಹಿಟ್ಟಿನ ಗಂಟು ಅವಳ ಕೈಯಲ್ಲಿತ್ತು. ಅವಳು ನೇರವಾಗಿ ಸೂಮಿರಿಯ ಮುಂದೆ ಬಂದು ನೆಲಕ್ಕೆ ಹಣೆಯಿಟ್ಟಳು.

“ನಿನಗೆ... ನಾನು ಕಾಣ್ತೀನಾ?”

“ಕಾಣದೆ ಏನತ್ತೆ? ಇಲ್ಲಿನ ಅನ್ನ ಇನ್ನೂ ಹೊಟ್ಟೆಗೆ ಹೋಗಿಲ್ವಲ್ಲ.” ನಾಶೀ ದನಿ ತಗ್ಗಿಸಿದಳು. “ಆದರೆ ನಿಮ್ಮ ಹಿಂದೆ ಕೂತಿದಾರಲ್ಲ, ಆ ಅಜ್ಜಿ ಯಾರು? ನಿನ್ನೆಯಿಂದ ನೋಡ್ತಾ ಇದೀನಿ, ಒಲೆ ಬಿಟ್ಟು ಏಳಲೇ ಇಲ್ಲ.”

ಸೂಮಿರಿ ಮೆಲ್ಲಗೆ ತಿರುಗಿದಳು.

ಒಲೆಯ ಹಿಂದೆ, ಸೌದೆ ಮತ್ತು ಗೋಡೆಯ ನಡುವಿನ ಸಂದಿಯಲ್ಲಿ, ಬೂದಿಬಣ್ಣದ ಮುದುಕಿಯೊಬ್ಬಳು ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಕೂದಲು ನೆಲದವರೆಗೆ ಬೆಳೆದಿತ್ತು. ಕಣ್ಣಿಗೆ ಪೊರೆ ಬಂದಿತ್ತು. ಆದರೆ ಆ ಗಲ್ಲದ ಮೇಲಿನ ಮಚ್ಚೆಯನ್ನು ಸೂಮಿರಿ ಮರೆತಿರಲಿಲ್ಲ. ಮಠಕ್ಕೆ ಹೋದ ಅತ್ತೆ ಮಠಕ್ಕೆ ಹೋಗಿರಲಿಲ್ಲ... ಎಲ್ಲಿಗೂ ಹೋಗಿರಲಿಲ್ಲ.

“ಬಂದ್ಯಾ?” ಎಂದಳು ಮುದುಕಿ. “ಬಾ, ಇಲ್ಲಿ ಬೆಚ್ಚಗಿದೆ.”

ಆ ದಿನವೆಲ್ಲ ಸೂಮಿರಿ ಅವಳ ಮುಂದೆ ಕೂತು ಅತ್ತಳು. ತಾನು ಮದುಮಗಳಾಗಿ ಬಂದಾಗ ಇದೇ ಅತ್ತೆ ನಲವತ್ತು ದಿನ ತನ್ನ ಹಿಂದೆ ಹಿಂದೆ ತಿರುಗಿ ಮಾತಾಡಿಸಿದ್ದಳು. ಒಲೆಗೆ ಗಾಳಿ ಊದುವುದು ಹೀಗೆ, ನಿನ್ನ ಗಂಡನಿಗೆ ಮೂಲಂಗಿ ಹೆಚ್ಚುವುದು ಹೀಗೆ ಎಂದು ಹೇಳಿಕೊಟ್ಟಿದ್ದಳು. ಸೂಮಿರಿ ಒಂದು ಮಾತಿಗೂ ಉತ್ತರ ಕೊಟ್ಟಿರಲಿಲ್ಲ. ಸರಿದವಳ ಜೊತೆ ಮಾತಾಡಿದ ಸೊಸೆಯ ಕೂದಲು ಕತ್ತರಿಸಿ ತವರಿಗೆ ಅಟ್ಟುತ್ತಾರೆ ಎಂಬ ಹೆದರಿಕೆ. ನಲವತ್ತನೆಯ ದಿನ ಅನ್ನ ಉಂಡ ಮೇಲೆ ಅತ್ತೆ ಕಾಣಿಸಲಿಲ್ಲ; ಕಾಣಿಸದಿದ್ದುದೇ ಒಳ್ಳೆಯದಾಯಿತು ಎನ್ನಿಸಿತ್ತು. ಮನೆಯ ಪಾಲು ಎತ್ತಿಡಬೇಕೆಂದು ಊರವರು ಹೇಳಿದ್ದರಿಂದ ದಿನವೂ ಒಲೆಯ ಹಿಂದೆ ಒಂದು ಹಿಡಿ ನವಣೆ ಅನ್ನ ಇಡುತ್ತಿದ್ದಳು. ಬೆಳಗಾಗುವುದರೊಳಗೆ ಅದು ಖಾಲಿಯಾಗಿರುತ್ತಿತ್ತು. ಇಲಿ ಎಂದುಕೊಳ್ಳುತ್ತಿದ್ದಳು.

“ಒಂದು ಸಲ ಸಿಟ್ಟಲ್ಲಿ ನಾಲ್ಕು ದಿನ ಇಡಲೇ ಇಲ್ಲ ಅತ್ತೆ...”

“ಐದು ದಿನ” ಎಂದಳು ಮುದುಕಿ. ಅವಳ ದನಿಯಲ್ಲಿ ದೂರು ಇರಲಿಲ್ಲ.

ಅವಳ ಬಲಗೈ ಮೊಣಕೈವರೆಗೆ ಸುಟ್ಟು ಸುಕ್ಕುಗಟ್ಟಿತ್ತು. ಏನಾಯಿತೆಂದು ಕೇಳಿದ್ದಕ್ಕೆ, ಮಗು ಹಂಡೆಗೆ ಬಿದ್ದಿತ್ತಲ್ಲ ಎಂದಳಷ್ಟೇ. ಸೂಮಿರಿಗೆ ನೆನಪಾಯಿತು. ಕಾಗದ ಮಾಡುವ ಮನೆ ಅದು; ಅಂಗಳದ ಹಂಡೆಯಲ್ಲಿ ಹಿಪ್ಪುನೇರಳೆಯ ತೊಗಟೆ ಸದಾ ಕುದಿಯುತ್ತಿರುತ್ತದೆ. ಎರಡು ವರ್ಷದ ರುಕೆನ್ ಅದರ ಅಂಚಿನಿಂದ ಜಾರಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಓಡಿಹೋಗುವಷ್ಟರಲ್ಲಿ ಮಗು ಮೆಟ್ಟಿಲ ಮೇಲೆ ಕೂತು ನಗುತ್ತಿತ್ತು. ದೇವರು ಕಾಪಾಡಿದ ಎಂದು ಮನೆಯವರೆಲ್ಲ ಬೆಟ್ಟ ಹತ್ತಿ ಹರಕೆ ತೀರಿಸಿ ಬಂದಿದ್ದರು. ಆ ಹೊತ್ತಿನಲ್ಲಿ ಈ ಮುದುಕಿ ಒಬ್ಬಳೇ, ಒಲೆಯ ಹಿಂದೆ, ಬೆಂದ ಕೈ ಹಿಡಿದುಕೊಂಡು... ಅವಳು ಕೂಗಿಕೊಂಡಿದ್ದರೂ ಯಾರ ಕಿವಿಗೆ ಬೀಳಬೇಕಿತ್ತು!

ನಾಶೀ ದಿನವೂ ಕೆಲಸದ ನೆವ ಮಾಡಿಕೊಂಡು ಬಂದು ಇಬ್ಬರ ಜೊತೆಯೂ ಕೂರುತ್ತಿದ್ದಳು. ರುಕೆನ್ ಯಾರ ಜೊತೆ ಮಾತಾಡುತ್ತೀ ಎಂದರೆ, ಬೆಂಕಿಯ ಜೊತೆ ಎನ್ನುತ್ತಿದ್ದಳು. ಮೂವತ್ತೆಂಟನೆಯ ದಿನ ಅವಳು ಸೂಮಿರಿಯ ಕೈ ಹಿಡಿದುಕೊಂಡು ತನ್ನ ಅಜ್ಜಿ ಹೇಳಿದ್ದನ್ನು ಹೇಳಿದಳು. ಒಲೆ ಕಿತ್ತುಕೊಳ್ಳುವುದು ಮನೆ ಕೊಟ್ಟ ಹೆಸರನ್ನು ಮಾತ್ರವಂತೆ. ಹೆತ್ತವರು ಇಟ್ಟ ಹೆಸರು ಹಿಡಿದು ಈಗಿನ ಯಜಮಾನಿ ಎಲ್ಲರ ಎದುರಿಗೆ ಕರೆದರೆ, ಕರೆಸಿಕೊಂಡವಳು ಓಗೊಟ್ಟರೆ, ಅವಳು ಮತ್ತೆ ಕಾಣುತ್ತಾಳಂತೆ.

“ನಾಡಿದ್ದು ನಾನು ಅನ್ನ ಉಂಡು ಕೆಯೋ ಆಗ್ತೀನಿ. ಆವಾಗ್ಲೇ ಕರೀತೀನಿ. ನಿಮ್ಮ ಹೆಸರು ಹೇಳಿ ಅತ್ತೆ.”

“ನಿನ್ನ ಕೂದಲು ಕತ್ತರಿಸ್ತಾರೆ ಕಣೇ. ನಿನ್ನ ತಂಗಿಯರನ್ನ ಯಾರೂ ಮದುವೆ ಆಗಲ್ಲ.”

“ಕೂದಲು ಬೆಳೆಯುತ್ತೆ. ತಂಗಿಯರಿಗೂ ಒಂದು ದಿನ ಸೊಸೆ ಬರ್ತಾಳಲ್ಲ, ಅವರೂ ಹೀಗೇ ಮೂಲೆಗೆ ಕೂರಬೇಕಾ?”

ಸೂಮಿರಿ ಮುದುಕಿಯ ಕಡೆ ತಿರುಗಿ, ಅತ್ತೆ, ನಿಮ್ಮ ಹೆಸರು ಮೊದಲು ಹೇಳಿ ಎಂದಳು. ಮುದುಕಿ ಬಾಯಿ ತೆರೆದಳು. ತುಟಿಗಳು ಅಲುಗಿದವು. ತನ್ನ ತವರಿನ ಬಾವಿ, ತಂದೆಯ ಕುಂಟು ಕುದುರೆ, ಸತ್ತ ತಮ್ಮನ ಮುಖ, ಎಲ್ಲವನ್ನೂ ಹೇಳಿದಳು. ಹೆಸರು ಬರಲಿಲ್ಲ.

“ಕೆಯೋ ಅಂತಲೇ ಇರಬೇಕು” ಎಂದಳು ಕೊನೆಗೆ, ಸಂಕೋಚದಿಂದ. “ನೀನು ಹೋಗು ಮಗಳೇ. ಅನ್ನ ಮಾತ್ರ ಇಡು, ಸಾಕು.”

ಸೂಮಿರಿ ಆ ರಾತ್ರಿ ನಿದ್ದೆ ಮಾಡಲಿಲ್ಲ. ತಾನು ಆಚೆ ಹೋದರೆ ಮತ್ತೆ ಇವಳು ಕಾಣಿಸುವುದಿಲ್ಲ. ಅನ್ನ ಇಡಬಹುದು, ಆದರೆ ಕೈಯಲ್ಲಿ ಚಮಚ ನಿಲ್ಲದವಳಿಗೆ ಉಣಿಸುವವರು ಯಾರು? ಮೂವತ್ತೊಂದು ವರ್ಷದ ಮೇಲೆ ಒಬ್ಬಳು ಮಾತಾಡುವವಳು ಸಿಕ್ಕಿ, ಅವಳೂ ಎದ್ದುಹೋದರೆ... ಬೆಳಿಗ್ಗೆ ನಾಶೀಯ ಕಿವಿಯಲ್ಲಿ ತನ್ನ ಹೆಸರು ಹೇಳಿದಳು.

“ಈಗ ಕರೀಬೇಡ. ಹಿತ್ತಲಿನ ಪೀಚ್ ಮರದ ಕೆಳಗೆ ಹೊಸ ಮಣ್ಣು ಕಂಡ ದಿನ ಕರಿ. ಅಲ್ಲಿವರೆಗೆ ಎರಡು ಹಿಡಿ ಅನ್ನ ಇಡು.”

ನಾಶೀ ಅತ್ತಳು, ಜಗಳವಾಡಿದಳು, ಕೊನೆಗೆ ಒಪ್ಪಿದಳು. ನಲವತ್ತನೆಯ ದಿನ ಬಂಧುಗಳ ನಡುವೆ ಕೂತು ಅವಳು ಮೊದಲ ತುತ್ತು ನುಂಗುವಾಗ ಸೂಮಿರಿ ಎದುರಿಗೇ ನಿಂತಿದ್ದಳು. ಹುಡುಗಿಯ ಕಣ್ಣು ಅವಳ ಕಣ್ಣಲ್ಲೇ ನೆಟ್ಟಿತ್ತು. ತುತ್ತು ಗಂಟಲಿಳಿಯಿತು. ಕಣ್ಣು ಅಲ್ಲೇ ಇತ್ತು, ನೋಟ ಹಿಂದಿನ ಗೋಡೆಗೆ ಹೋಗಿಬಿಟ್ಟಿತು. ನಾಶೀ ಒಂದೇ ಸಮನೆ ಅಳತೊಡಗಿದಳು. ತವರು ನೆನಪಾಗಿರಬೇಕು ಎಂದು ಹೆಂಗಸರು ಸಮಾಧಾನ ಮಾಡಿದರು.

ಚಳಿಗಾಲ ಉದ್ದವಾಗಿತ್ತು. ಒಲೆಯ ಹಿಂದೆ ಇಬ್ಬರು ಹೆಂಗಸರು ಒಂದೇ ಕಂಬಳಿ ಹೊದ್ದು ಕೂತರು. ಸೂಮಿರಿ ಅತ್ತೆಯ ಜಡೆ ಬಿಡಿಸಿ ಬಾಚಿದಳು, ತುತ್ತು ಮಾಡಿ ಉಣಿಸಿದಳು. ಎದುರಿಗೆ ಗಂಡ ಕೂತು ಬೆಂಕಿ ಕಾಯಿಸಿಕೊಳ್ಳುತ್ತಿದ್ದ. ಒಮ್ಮೊಮ್ಮೆ ಸುಮ್ಮನೆ ತಲೆಯೆತ್ತಿ ಅವರತ್ತ ನೋಡಿ, ಚಳಿಯಾದವನ ಹಾಗೆ ಮೈ ಮುದುಡಿಕೊಳ್ಳುತ್ತಿದ್ದ. ಹೆಂಡತಿ ಮಠ ಸೇರಿದಳೆಂದು ಅವನು ಊರವರಿಗೆ ಹೇಳುವುದನ್ನು ಸೂಮಿರಿ ಕೇಳಿಸಿಕೊಂಡಳು. ಅವನು ಅದನ್ನು ನಂಬಿದ್ದ.

ಹಿಮ ಕರಗುವ ವಾರ ಅತ್ತೆ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದವಳು ಏಳಲಿಲ್ಲ. ಸೂಮಿರಿ ಪೀಚ್ ಮರದ ಕೆಳಗೆ ಒಬ್ಬಳೇ ಮೂರು ಹಗಲು ಅಗೆದಳು. ನರಿ ಕೆದರುತ್ತಿರಬೇಕು ಎಂದು ರುಕೆನ್ ಕಲ್ಲು ಎಸೆದ; ಒಂದು ಅವಳ ಭುಜಕ್ಕೆ ಬಿತ್ತು.

ಕಾಗದ ಒಣಗಿಸುವ ಕೆಲಸಕ್ಕೆ ಅಕ್ಕಪಕ್ಕದ ಹೆಂಗಸರೆಲ್ಲ ಅಂಗಳದಲ್ಲಿ ಸೇರಿದ್ದ ಹೊತ್ತು. ನಾಶೀ ಹಿತ್ತಲಿಂದ ಬಂದವಳು ಕೈಯಲ್ಲಿದ್ದ ಹಲಗೆ ಕೆಳಗಿಟ್ಟಳು. ಪೀಚ್ ಮರದ ಕೆಳಗಿನ ಹೊಸ ಮಣ್ಣು ಅವಳ ಕಣ್ಣಿಗೆ ಬಿದ್ದಿತ್ತು.

“ಸೂಮಿರಿ” ಎಂದು ಕರೆದಳು.

ತೊಗಾಯಿ ಕಾಗದದ ಅಟ್ಟಿಯಿಂದ ತಲೆಯೆತ್ತಿದ. ಆ ಹೆಸರನ್ನು ಅವನು ಮದುವೆಯ ಮಾತುಕತೆಯ ದಿನ ಒಮ್ಮೆ ಕೇಳಿದ್ದ. ನಾಶೀ ಮತ್ತೆ ಕರೆದಳು. ಸೂಮಿರಿ ಮಣ್ಣುಗೈಯಲ್ಲಿ ಮರದ ಕೆಳಗೆ ನಿಂತಿದ್ದಳು. ಓಗೊಡಲು ಮನಸ್ಸಾಗಲಿಲ್ಲ. ಇವರ ನಡುವೆ ಹೋಗಿ ಏನಾಗಬೇಕು? ಇಲ್ಲಿ ಕೂತರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ... ಮೂರನೆಯ ಸಲ ಹುಡುಗಿಯ ದನಿ ಒಡೆಯಿತು. ಹೆಂಗಸರಲ್ಲಿ ಒಬ್ಬಳು ಆಗಲೇ ಕತ್ತರಿ ತನ್ನಿ ಎನ್ನುತ್ತಿದ್ದಳು.

“ಬಂದೆ ಮಗಳೇ” ಎಂದಳು ಸೂಮಿರಿ.

ಅವಳು ಅಂಗಳಕ್ಕೆ ನಡೆದು ಬಂದಾಗ ಕಿರುಚಿದವರು ಕಿರುಚಿದರು, ಓಡಿದವರು ಓಡಿದರು. ಕೊನೆಗೆ ಅಂಗಳದಲ್ಲಿ ಮನೆಯ ನಾಲ್ವರೇ ಉಳಿದರು. ರುಕೆನ್ ತಾಯಿಯ ಭುಜದ ಕಪ್ಪುಗಟ್ಟಿದ ಗಾಯ ನೋಡಿ ನೆಲಕ್ಕೆ ಕುಸಿದ. ನಾಶೀಯ ಕೂದಲಿಗೆ ಯಾರಾದರೂ ಕೈ ಹಚ್ಚಿದರೆ ನನ್ನ ಕೈ ನೋಡಬೇಕಾಗುತ್ತದೆ ಎಂದು ಸೂಮಿರಿ ಮಗನಿಗೆ ಹೇಳಿದಳು. ಗಂಡನ ಮಾತಿಗೆ ಕಾಯಲಿಲ್ಲ. ಅವನ ತೋಳು ಹಿಡಿದು ಪೀಚ್ ಮರದ ಕೆಳಗೆ ಕರೆದುಕೊಂಡು ಹೋಗಿ ಹಸಿ ಮಣ್ಣು ತೋರಿಸಿದಳು.

“ನಿಮ್ಮಮ್ಮ. ಮೊನ್ನೆವರೆಗೂ ಒಲೆ ಹಿಂದೇನೇ ಇದ್ರು.”

ತೊಗಾಯಿ ಬಗ್ಗಿ ಆ ಮಣ್ಣು ಮುಟ್ಟಿದ. ಅಮ್ಮ ತನ್ನ ಬಗ್ಗೆ ಏನಾದರೂ ಅಂದಳೇ ಎಂದು ಕೇಳಿದ. ಅವನ ದನಿ ಚಿಕ್ಕ ಹುಡುಗನದರಂತಿತ್ತು. ಸೂಮಿರಿಗೆ ಅವನನ್ನು ನೋಯಿಸುವ ನೂರು ಮಾತು ಬಾಯಿಗೆ ಬಂತು.

“ದಿನಾ ಅಂತಿದ್ರು” ಎಂದಳು. “ಉಪ್ಪು ಜಾಸ್ತಿ ತಿಂತಾನೆ, ಒಳ್ಳೇದಲ್ಲ ಅಂತ.”

ಅವನು ಆ ಮಣ್ಣಿನ ಪಕ್ಕದಲ್ಲಿ ಕೂತುಬಿಟ್ಟ. ಸೂಮಿರಿ ಸ್ವಲ್ಪ ಹೊತ್ತು ನಿಂತು ನೋಡಿ, ಅವನಿಂದ ಒಂದು ಮಾರು ದೂರದಲ್ಲಿ ತಾನೂ ಕೂತಳು.